ತಲೆಯ ಎಕ್ಸ್‌ರೇಗೆ ಸ್ಪಾಂಜ್ ಸೆಟ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ನಮ್ಮ ಎಕ್ಸ್‌ರೇ ರೂಮಿನಲ್ಲಿ ಈ ಪೊಸಿಷನಿಂಗ್ ಸ್ಪಾಂಜ್ ಸೆಟ್ ಇದೆ. ಓರೆಯಾಗಿ ಕತ್ತರಿಸಿದ ತುಂಡುಗಳು, ಒಂದೆರಡು ಚಪ್ಪಟೆ ತುಂಡು, ಹಣೆಗೆ ಕಟ್ಟುವ ವೆಲ್ಕ್ರೋ ಪಟ್ಟಿ. ತಲೆಯನ್ನು ಅಲುಗಾಡದಂತೆ ಹಿಡಿಯುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಸೊಟ್ಟಗೆ ಇಟ್ಟ ತಲೆಯನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ! ಮೊದಲ ಆರು ತಿಂಗಳು ನನ್ನ ರಿಪೀಟ್‌ಗಳೆಲ್ಲ (ಸರಿಬಾರದೆ ಮತ್ತೆ ತೆಗೆದ ಎಕ್ಸ್‌ರೇಗಳು) ಹೀಗೇ ಆದವು.

ಜಾಸ್ತಿ ಉಪಯೋಗ ಲ್ಯಾಟರಲ್ ಸ್ಕಲ್‌ಗೆ, ಅಂದರೆ ಬುರುಡೆಯನ್ನು ಪಕ್ಕದಿಂದ ತೆಗೆಯುವ ಎಕ್ಸ್‌ರೇಗೆ. ಬೋರಲು ಮಲಗಿ ಮುಖ ಪಕ್ಕಕ್ಕೆ ತಿರುಗಿಸಿದಾಗ ಗದ್ದ ಟೇಬಲ್ ಕಡೆ ಜೋಲುತ್ತದೆ, ಅಲ್ವಾ? ಕೆಳಗೊಂದು ತುಂಡು ಕೊಟ್ಟರೆ ಸರಿಹೋಗುತ್ತದೆ. ಎರಡೂ ಪಾಪೆಗಳನ್ನು ಸೇರಿಸುವ ಗೆರೆ ಡಿಟೆಕ್ಟರ್‌ಗೆ (ಚಿತ್ರ ಹಿಡಿಯುವ ಫಲಕ) ಲಂಬವಾಗಿ ನಿಂತಿದೆಯಾ ಎಂದು ನೋಡುವುದು ಮಾತ್ರ ನಿಮ್ಮ ಕಣ್ಣಿನ ಕೆಲಸ. ತಪ್ಪಿದರೆ ಎರಡು ಕಣ್ಣುಗೂಡಿನ ಮೇಲ್ಛಾವಣಿ ಒಂದರ ಮೇಲೊಂದು ಕೂರದೆ ಎರಡು ಗೆರೆಯಾಗಿ ಬೀಳುತ್ತದೆ.

ಟೌನ್ಸ್‌ಗೆ, ಅಂದರೆ ಬುರುಡೆಯ ಹಿಂಭಾಗದ ಮೂಳೆ ಕಾಣಲು ಮುಂದಿನಿಂದ ಟ್ಯೂಬ್ ಬಾಗಿಸಿ ತೆಗೆಯುವ ಎಕ್ಸ್‌ರೇಗೆ, ಗದ್ದ ಒಳಗೆ ಎಳೆದುಕೊಳ್ಳಿ ಅಂದರೆ ವಯಸ್ಸಾದವರಿಗೆ ಕತ್ತು ಬಗ್ಗುವುದಿಲ್ಲ. ತಲೆಯ ಕೆಳಗೆ ತುಂಡು ಇಟ್ಟರೆ ಎಷ್ಟೋ ಜನಕ್ಕೆ ಕಣ್ಣಿನ ಹೊರ ಮೂಲೆಯಿಂದ ಕಿವಿ ತೂತಿಗೆ ಎಳೆದ ಗೆರೆ ಡಿಟೆಕ್ಟರ್‌ಗೆ ಲಂಬವಾಗುತ್ತದೆ. ಆದರೂ ಆಗದಿದ್ದರೆ ಒತ್ತಬೇಡಿ. ಕಣ್ಣುಗೂಡಿನ ಕೆಳ ಅಂಚಿನಿಂದ ಕಿವಿಗೆ ಹೋಗುವ ಗೆರೆಯನ್ನು ಲಂಬ ಮಾಡಿ, ಟ್ಯೂಬನ್ನು 30ರ ಬದಲು 37 ಡಿಗ್ರಿ ಬಾಗಿಸಿದರೆ ಆಯಿತು.

ವಾಟರ್ಸ್‌ಗೆ, ಅಂದರೆ ಗದ್ದ ಎತ್ತಿಸಿ ಸೈನಸ್ (ಮುಖದ ಮೂಳೆಗಳೊಳಗಿನ ಗಾಳಿಗೂಡು) ತೆಗೆಯುವ ಎಕ್ಸ್‌ರೇಗೆ, ಈ ಸೆಟ್ ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತದೆ. ಸೈನಸ್‌ನಲ್ಲಿ ನೀರಿನ ಮಟ್ಟ ಕಾಣಲಿ ಅಂತ ನಾವು ಕೂರಿಸಿಯೇ ತೆಗೆಯುವುದು.

ಈಗ ದೂರು. ಮೂರನೇ ವರ್ಷ ಒಂದು ಟೌನ್ಸ್‌ನಲ್ಲಿ ಬುರುಡೆಯ ಮೇಲೆ ಬಿಳಿ ಚುಕ್ಕೆ ಬಂತು. ಕ್ಲಿಪ್ ಉಳಿದಿದೆಯೇನೋ ಎಂದು ಆ ಅಮ್ಮನ ಕೂದಲೆಲ್ಲ ತಡಕಿದೆವು. ಏನೂ ಇಲ್ಲ. ಕೊನೆಗೆ ಬರೀ ಸ್ಪಾಂಜನ್ನೇ ಎಕ್ಸ್‌ರೇ ತೆಗೆದೆ. ಚುಕ್ಕೆ ಅಲ್ಲೇ ಕೂತಿತ್ತು! ಮೇಲಿನ ಕೋಟಿಂಗ್ ಸೀಳಿ, ಯಾವಾಗಲೋ ಬಿದ್ದ ಬೇರಿಯಂ (ಹೊಟ್ಟೆ-ಕರುಳಿನ ಎಕ್ಸ್‌ರೇಗೆ ಕುಡಿಸುವ, ಚಿತ್ರದಲ್ಲಿ ಬಿಳಿಯಾಗಿ ಕಾಣುವ ದ್ರಾವಣ) ಹನಿ ಒಳಗೆ ಇಂಗಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಎಲ್ಲ ತುಂಡುಗಳನ್ನೂ ಸಾಲಾಗಿ ಇಟ್ಟು ಎಕ್ಸ್‌ರೇ ತೆಗೆಯುತ್ತೇನೆ. ಜೊತೆಯವರು ನಗುತ್ತಾರೆ, ನಗಲಿ.

ಏಟು ಬಿದ್ದು ಕುತ್ತಿಗೆಗೆ ಕಾಲರ್ ಹಾಕಿಕೊಂಡು ಬಂದವರಿಗೆ ಇದನ್ನು ಮುಟ್ಟಲೇಬೇಡಿ. ತಲೆ ಎತ್ತಿ ತುಂಡು ತುರುಕುವ ಹಾಗಿಲ್ಲ. ಅವರು ಮಲಗಿದ ಹಾಗೇ ಇರಲಿ, ಟ್ಯೂಬನ್ನೇ ಅಡ್ಡ ತಿರುಗಿಸಿ ಲ್ಯಾಟರಲ್ ತೆಗೆಯಿರಿ.

ವೆಲ್ಕ್ರೋ ಎರಡನೇ ವರ್ಷಕ್ಕೇ ಹಿಡಿತ ಬಿಟ್ಟಿತು. ಈಗ ಅಗಲವಾದ ಟೇಪ್ ಹಾಕುತ್ತೇವೆ. ಐದರಲ್ಲಿ ಮೂರೂವರೆ ಸ್ಟಾರ್.