ಮೂರು ಹಳೆಯ ಎಂಜಿನ್ ಬ್ಲಾಕ್‌ಗಳು: ಆರಿಸಿದ್ದು ಯಾವುದು, ಏಕೆ

ನಾಲ್ಕು ಸಿಲಿಂಡರ್‌ಗಳ ಒಂದೇ ಮಾದರಿಯ ಪೆಟ್ರೋಲ್ ಎಂಜಿನ್‌ಗೆ ಸೇರಿದ, ಬೀಡು ಕಬ್ಬಿಣದ ಮೂರು ಹಳೆಯ ಬ್ಲಾಕ್‌ಗಳನ್ನು ತೊಳೆದು, ಅಳೆದು ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಮೊದಲನೆಯದರ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳರಂಧ್ರ) ಕಂಪನಿಯ ಮೂಲ ಅಳತೆಯದೇ ಆಗಿದ್ದರೂ ತುಕ್ಕು ಹಿಡಿದಿತ್ತು. ಎರಡನೆಯದು ಆಗಲೇ 0.50 ಮಿ.ಮೀ. ಓವರ್‌ಸೈಜ್‌ಗೆ (ಮೂಲ ವ್ಯಾಸಕ್ಕಿಂತ ಅಷ್ಟು ದೊಡ್ಡದಾಗಿ) ಬೋರ್ ಆಗಿ, ಹೊಸ ಬಣ್ಣ ಬಳಿಸಿಕೊಂಡಿತ್ತು. ಮೂರನೆಯದರ ಒಂದು ಸಿಲಿಂಡರ್‌ಗೆ ಲೈನರ್ (ಒಳಗೋಡೆಯಾಗಿ ತೂರಿಸುವ ಲೋಹದ ಕೊಳವೆ) ಕೂರಿಸಲಾಗಿತ್ತು.

ನೋಟಕ್ಕೆ ಎರಡನೆಯದೇ ಮೇಲು. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆದಾಗಲೂ ಸವೆತ ಅಷ್ಟಾಗಿ ಕಾಣಲಿಲ್ಲ. ಆದರೆ ಅದರ ಮೇನ್ ಬೇರಿಂಗ್ ಕ್ಯಾಪ್‌ಗಳಲ್ಲಿ (ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ಬ್ಲಾಕ್‌ಗೆ ಹಿಡಿದಿಡುವ ತುಂಡುಗಳಲ್ಲಿ) ಒಂದರ ಎರಕದ ಗುರುತು ಉಳಿದವುಗಳಿಗೆ ಹೊಂದುತ್ತಿರಲಿಲ್ಲ. ಕ್ಯಾಪ್‌ಗಳನ್ನು ಬ್ಲಾಕ್‌ಗೆ ಬಿಗಿದ ನಂತರವೇ ಕಾರ್ಖಾನೆಯಲ್ಲಿ ಬೇರಿಂಗ್ ರಂಧ್ರಗಳನ್ನು ಒಂದೇ ಸಾಲಿನಲ್ಲಿ ಕೊರೆಯುವುದರಿಂದ, ಬೇರೆ ಬ್ಲಾಕಿನ ಕ್ಯಾಪ್ ಬೋಲ್ಟ್‌ಗೆ ಸರಿಯಾಗಿ ಕೂತರೂ ರಂಧ್ರ ದುಂಡಾಗಿ ಬರುವ ಭರವಸೆ ಇರುವುದಿಲ್ಲ. ಕ್ರ್ಯಾಂಕ್ ಇರಿಸಿ ನಿಗದಿತ ಟಾರ್ಕ್‌ಗೆ ಬಿಗಿದಾಗ ಅದು ಕೈಯಿಂದ ತಿರುಗದೆ ಹಿಡಿದುಕೊಂಡಿತು. ಲೈನ್ ಬೋರಿಂಗ್ (ಆ ರಂಧ್ರಗಳನ್ನು ಮತ್ತೆ ಒಂದೇ ಸಾಲಿನಲ್ಲಿ ಕೊರೆಯುವುದು) ಮಾಡಿಸಿ ಇದನ್ನು ಸರಿಪಡಿಸಬಹುದು. ಆದರೆ ಆಗ ಕ್ರ್ಯಾಂಕಿನ ಅಕ್ಷ ಹೆಡ್ಡಿನ (ಬ್ಲಾಕಿನ ಮೇಲೆ ಕೂರುವ ಭಾಗದ) ಕಡೆಗೆ ತುಸು ಏರುವುದರಿಂದ ಟೈಮಿಂಗ್ ಚೈನ್ ಸಡಿಲವಾಗುವ ಸಾಧ್ಯತೆಯೂ ಇರುತ್ತದೆ. ಬಣ್ಣವನ್ನು ನೋಡಿ ಬ್ಲಾಕ್ ಕೊಳ್ಳುವವರು ಈ ಕ್ಯಾಪ್‌ಗಳತ್ತ ಕಣ್ಣು ಹಾಯಿಸುವುದೇ ಕಡಿಮೆ.

ಮೂರನೆಯದರ ಲೈನರ್ ತನ್ನಷ್ಟಕ್ಕೆ ದೋಷವಲ್ಲ, ಚೆನ್ನಾಗಿ ಕೂರಿಸಿದ ಲೈನರ್ ಮೂಲ ಗೋಡೆಯಷ್ಟೇ ಬಾಳಿಕೆ ಬರುತ್ತದೆ. ಅದನ್ನು ಏಕೆ ಹಾಕಬೇಕಾಯಿತು ಎಂಬುದು ಮುಖ್ಯ. ನೀರಿನ ದಾರಿಗಳನ್ನು ಮುಚ್ಚಿ, ಬಿಸಿನೀರಿನಲ್ಲಿ ಮುಳುಗಿಸಿ ಗಾಳಿಯ ಒತ್ತಡ ಕೊಡಿಸಿದಾಗ, ಲೈನರ್ ಪಕ್ಕದ ಹೆಡ್ ಬೋಲ್ಟ್ ರಂಧ್ರದಿಂದ ಗುಳ್ಳೆಗಳು ಎದ್ದವು, ಅಂದರೆ ಅಲ್ಲಿ ಸೋರಿಕೆಯಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಮೊದಲನೆಯದರಲ್ಲಿ ತುಕ್ಕಿನ ಆಳವೇ ಪ್ರಶ್ನೆಯಾಗಿತ್ತು. 0.25 ಮಿ.ಮೀ. ಓವರ್‌ಸೈಜ್ ಎಂದರೆ ಗೋಡೆಯ ಒಂದೊಂದು ಬದಿಯಿಂದ 0.125 ಮಿ.ಮೀ. ಮಾತ್ರ ಹೋಗುತ್ತದೆ; ಅದಕ್ಕಿಂತ ಆಳವಾದ ಗುಳಿಗಳು ಉಳಿದುಬಿಡುತ್ತವೆ. ಇಲ್ಲಿ 0.50ಕ್ಕೆ ಹೋಗಲೇಬೇಕಿತ್ತು. ನೀರಿನ ಬದಿಯಿಂದಲೂ ತುಕ್ಕು ಗೋಡೆಯನ್ನು ತಿಂದಿರಬಹುದು, ಎರಕ ಹೊಯ್ಯುವಾಗ ಒಳಅಚ್ಚು ಸರಿದು ಒಂದು ಬದಿ ತೆಳುವಾಗಿರಲೂಬಹುದು ಎಂಬ ಕಾರಣಕ್ಕೆ ಅಲ್ಟ್ರಾಸಾನಿಕ್ ಗೇಜಿನಿಂದ ಗೋಡೆಯ ದಪ್ಪವನ್ನು ಸುತ್ತಲೂ ನೋಡಿಸಿದೆ. ಎಲ್ಲೆಡೆ ಹೆಚ್ಚುಕಡಿಮೆ ಸಮವಾಗಿತ್ತು. ಕಾಂತೀಯ ಪುಡಿಯ ಪರೀಕ್ಷೆಯಲ್ಲಿ ಬಿರುಕು ಸಿಗಲಿಲ್ಲ (ಅಲ್ಯುಮಿನಿಯಂ ಬ್ಲಾಕ್ ಆಗಿದ್ದರೆ ಇದು ನಡೆಯದು, ಬಣ್ಣದ ದ್ರವವನ್ನು ಇಂಗಿಸಿ ನೋಡಬೇಕು). ಹೆಡ್ ಕೂರುವ ಮೇಲ್ಮೈ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಮೂಲೆಯಿಂದ ಮೂಲೆಗೆ ನೋಡಿದಾಗ 0.05 ಮಿ.ಮೀ. ಫೀಲರ್ ಎಲೆ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲಿಯೂ ನುಸುಳಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಕ್ಯಾಪ್‌ಗಳೆಲ್ಲವೂ ಅದರದೇ ಆಗಿದ್ದು, ಕ್ರ್ಯಾಂಕ್ ಬೆರಳಿನ ಬಲಕ್ಕೇ ತಿರುಗಿತು.

ಆದ್ದರಿಂದ ತುಕ್ಕಿನ ಬ್ಲಾಕನ್ನೇ ಆರಿಸಿದೆ. ಅಳತೆ ಖಚಿತವಾದ ನಂತರ 0.50 ಓವರ್‌ಸೈಜ್ ಪಿಸ್ಟನ್‌ಗಳನ್ನು ತರಿಸಿ, ಒಂದೊಂದು ಪಿಸ್ಟನ್ನನ್ನೂ ಮೈಕ್ರೋಮೀಟರಿನಿಂದ ಅಳೆದು, ಆಯಾ ಸಿಲಿಂಡರ್‌ನ ಕೊನೆಯ ಹೋನಿಂಗ್ (ಗೋಡೆಯನ್ನು ನಯವಾಗಿ ಉಜ್ಜುವುದು) ಅನ್ನು ಅದಕ್ಕೆ ತಕ್ಕ ಕ್ಲಿಯರೆನ್ಸ್‌ಗೆ (ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದಿಗೆ) ಮಾಡಿಸಿದೆ.