ಮೈಸೂರು ಸರಸ್ವತಿಪುರಂನ ತೂಕ ಇಳಿಸೋ ಕ್ಲಿನಿಕ್: ನಂಬಿ ಹೋಗಬಹುದು
ಅಮ್ಮನಿಗೆ ತೂಕ, ಶುಗರ್ ಎರಡೂ ಜಾಸ್ತಿ ಅಂತ ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ತುಂಬಾ ಇಷ್ಟವಾಯಿತು. ಡಾಕ್ಟರ್ ಬೈಯಲಿಲ್ಲ, ಪೌಡರ್ ಡಬ್ಬಿ ಮಾರಲಿಲ್ಲ. ಮೊದಲು ಟೇಪ್ ಹಿಡಿದು ಸೊಂಟ ಅಳೆದರು. ನಮ್ಮಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರ ಬೇಕು, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 25 ಆದರೆ ಬೊಜ್ಜು ಅಂತಲೇ ಲೆಕ್ಕ ಅಂತ ಬಿಡಿಸಿ ಹೇಳಿದರು. ಮುದ್ದೆ ಬಿಡಿ ಅನ್ನಲಿಲ್ಲ. ಚಿಕ್ಕದು ಮಾಡಿ, ಸೊಪ್ಪು, ಕಾಳು ಜಾಸ್ತಿ ಹಾಕಿಕೊಳ್ಳಿ, ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ನಡೀರಿ ಅಂದರು. ತೂಕ, ಶುಗರ್ ಇಳಿಸೋಕೆ ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಅನ್ನೋ ಔಷಧದ ಬಗ್ಗೆ ನಾನೇ ಕೇಳಿದೆ. ಹಸಿವು ತಗ್ಗಿಸುತ್ತೆ, ವಾಕರಿಕೆ ಬರಬಹುದು, ನಿಲ್ಲಿಸಿದರೆ ತೂಕ ಮತ್ತೆ ಏರೋದೇ ಜಾಸ್ತಿ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಇಂಥ ಮಾತು ಎಲ್ಲ ಕಡೆ ಸಿಗಲ್ಲ ಅಲ್ವಾ? ಕಾದು ಕಾದು ಮಾತ್ರ ಸಾಕಾಗಿ ಹೋಗುತ್ತೆ, ಶನಿವಾರ ಹೋಗಬೇಡಿ.