ತಂಬೂರಿಯನ್ನು ಉಳಿಸಿಕೊಡುವ ಶಿರಸಿಯ ಅಂಗಡಿ

ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒರೆಸಿ, ಅವುಗಳಲ್ಲಿನ ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಡುವ ಪುಟ್ಟ ಅಂಗಡಿಯೊಂದು ಶಿರಸಿಯ ದೇವಿಕೆರೆಯ ಸಮೀಪದಲ್ಲಿದೆ. ಶಾಸ್ತ್ರೀಯ ಸಂಗೀತವನ್ನು ಆಧರಿಸಿದ ಹಳೆಯ ಚಿತ್ರಗೀತೆಗಳ ಕ್ಯಾಸೆಟ್ ಇಟ್ಟುಕೊಂಡವರು ಅವುಗಳನ್ನು ಇಲ್ಲಿಗೇ ಒಯ್ಯಬೇಕೆಂಬುದು ನನ್ನ ಅಭಿಪ್ರಾಯ.

ಕಾರಣ ತಂಬೂರಿ. ಕ್ಯಾಸೆಟ್ಟಿನ ಸುಯ್ಗುಡುವ ಸದ್ದನ್ನು ತೆಗೆಯುವ ತಂತ್ರಾಂಶಕ್ಕೆ ಹಾಡಿಲ್ಲದ ಭಾಗವೊಂದನ್ನು ಮಾದರಿಯಾಗಿ ಕೊಡಬೇಕು. ಅಂಥ ಸದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಅಳಿಸುತ್ತ ಹೋಗುತ್ತದೆ. ಆಲಾಪಕ್ಕೆ ಮುಂಚೆ ತಂಬೂರಿಯೊಂದೇ ನುಡಿಯುತ್ತಿರುವ ಭಾಗವನ್ನು ಅವಸರದಲ್ಲಿ ಮಾದರಿಯಾಗಿ ಕೊಟ್ಟರೆ, ಶ್ರುತಿಯೂ ಕಸದ ಲೆಕ್ಕಕ್ಕೆ ಸೇರಿ ಇಡೀ ಹಾಡಿನಲ್ಲಿ ಕ್ಷೀಣಿಸುತ್ತದೆ. ಬೇರೆ ಊರಿನಲ್ಲಿ ಮಾಡಿಸಿದ ‘ಸಂಧ್ಯಾರಾಗ’ದ ಪ್ರತಿ ಹೀಗೆಯೇ ಕೆಟ್ಟಿತ್ತು. 1966ರ ಆ ಚಿತ್ರದಲ್ಲಿ ‘ನಂಬಿದೆ ನಿನ್ನ ನಾದ ದೇವತೆಯೇ’ ಎಂಬ ಒಂದೇ ಗೀತೆಯನ್ನು ಭೀಮಸೇನ ಜೋಶಿಯವರೂ ಬಾಲಮುರಳಿಕೃಷ್ಣ ಅವರೂ ಹಾಡಿದ್ದಾರೆ. ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡನ್ನೂ ಒಂದೇ ಸಾಹಿತ್ಯದಲ್ಲಿ ಕೇಳುವ ಇಂಥ ಭಾಗ್ಯ ಸಿನಿಮಾದಲ್ಲಿ ಅಪರೂಪ. ಶ್ರುತಿ ಹೋದರೆ ಆ ಸುಖದಲ್ಲಿ ಉಳಿಯುವುದೇನು? ಈ ಅಂಗಡಿಯವರು ಹಾಡು ಶುರುವಾಗುವ ಮೊದಲಿನ ಖಾಲಿ ಟೇಪಿನಿಂದ ಮಾತ್ರ ಮಾದರಿ ತೆಗೆದು, ಸದ್ದನ್ನು ಹಗುರವಾಗಿ ತಗ್ಗಿಸುತ್ತಾರೆ. ಸ್ವಲ್ಪ ಸುಯ್ ಉಳಿಯುತ್ತದೆ, ಉಳಿಯಲಿ. ‘ಸನಾದಿ ಅಪ್ಪಣ್ಣ’ದಲ್ಲಿ (1977) ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಯ ಹೊಳಪು ಮಾಸದೆ ಬಂದಿದೆ.

ಡೆಕ್ಕಿನ ಬೆಲ್ಟ್ ಸಡಿಲವಾಗಿ ವೇಗ ಶೇಕಡಾ 6ರಷ್ಟು ತಗ್ಗಿದರೂ ಹಾಡು ಸುಮಾರು ಅರ್ಧ ಸ್ವರ ಕೆಳಗಿಳಿಯುತ್ತದೆ. ಆದ್ದರಿಂದ ಪರೀಕ್ಷಾ ಕ್ಯಾಸೆಟ್ ಹಾಕಿ ವೇಗ ನೋಡಿದ ಮೇಲೆಯೇ ಇವರು ಕೆಲಸ ಆರಂಭಿಸುತ್ತಾರೆ.

ಒಂದು ದೋಷವನ್ನು ಹೇಳಲೇಬೇಕು. ಮೌನವನ್ನು ಗುರುತಿಸಿ ಹಾಡುಗಳನ್ನು ಬೇರ್ಪಡಿಸುವ ಕೆಲಸವನ್ನು ಯಂತ್ರಕ್ಕೇ ಬಿಟ್ಟಿರುವುದರಿಂದ, ಮೆಲುದನಿಯಲ್ಲಿ ಏಳುವ ಆಲಾಪದ ಮೊದಲ ಎಳೆ ಕೆಲವೆಡೆ ಕತ್ತರಿಸಿಹೋಗಿದೆ. ಸಂಗೀತಗಾರನ ಬದುಕೇ ಕಥೆಯಾಗಿರುವ, ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ‘ಹಂಸಗೀತೆ’ಯಂಥ (1975) ಚಿತ್ರದ ಸಂಗೀತಕ್ಕೆ ಇದು ಸಣ್ಣ ನಷ್ಟವಲ್ಲ. ತಿಳಿಸಿದಾಗ ಬೇಸರಿಸದೆ ಕೈಯಾರೆ ಸರಿಪಡಿಸಿಕೊಟ್ಟರು. ಮೊದಲೇ ಹಾಗೆ ಮಾಡಿದ್ದರೆ ಚೆನ್ನಾಗಿತ್ತು.

ಒಂದು ಕ್ಯಾಸೆಟ್ಟಿಗೆ 150 ರೂಪಾಯಿ. ಕೇಳದಿದ್ದರೆ ಎಂಪಿ3 ರೂಪದಲ್ಲಿ ಕೊಡುತ್ತಾರೆ; ಅದೇ ದರಕ್ಕೆ ಸಿಗುವ, ಧ್ವನಿಯನ್ನು ಕುಗ್ಗಿಸದೆ ಪೂರ್ತಿಯಾಗಿ ಇಡುವ ವೇವ್ ಕಡತಗಳನ್ನೇ ಕೇಳಿ ಪಡೆಯಿರಿ, ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 600 ಎಂಬಿ ಜಾಗ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದರಿಂದ ಕೆಲಸ ತಡವಾಗುತ್ತದೆ. ಹಳೆಯ ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಗಳಿಗೆ ಬೇಕಾದ ದಪ್ಪ ಮೊನೆಯ ಸೂಜಿ ಇವರಲ್ಲಿಲ್ಲ, ಹಾಗಾಗಿ ಅವುಗಳನ್ನು ತೆಗೆದುಕೊಳ್ಳುವುದಿಲ್ಲ.